ಯುದ್ಧ ನಡೆಯೋ ದೇಶದಲ್ಲಿ ಡ್ಯಾಂ ಕಟ್ಟಿಸಿದರೆ ದುಡ್ಡು ಹಾಳಲ್ವಾ?

ಪ್ರಶ್ನೆ: "ಭದ್ರಾ ಮೇಲ್ದಂಡೆ ನೀರು ನಮ್ಮ ಹೊಲಕ್ಕೆ ಯಾವಾಗ ಬರುತ್ತೋ ಗೊತ್ತಿಲ್ಲ. ಅಂಥಾದ್ರಲ್ಲಿ ನಮ್ಮ ದೇಶ ಅಫ್ಗಾನಿಸ್ತಾನದಲ್ಲಿ ಡ್ಯಾಂ ಕಟ್ಟಿಸಿದೆಯಂತೆ. ಇವತ್ತು ಕಟ್ಟಿದ್ದು ನಾಳೆ ಬಾಂಬಿಗೆ ಹೋಗುತ್ತೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ ಅಲ್ವಾ ಇದು?" (ಜಗಳೂರು ಕಡೆಯ ಓದುಗರು)

ಉತ್ತರ: ಕೋಪ ನ್ಯಾಯವಾದದ್ದೇ. ದಾವಣಗೆರೆ, ಚಿತ್ರದುರ್ಗದ ಕಡೆಯವರು ಬಹಳ ಜನ ಇದನ್ನೇ ಕೇಳುತ್ತಾರೆ. ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ನೀವು ಹೇಳುತ್ತಿರುವುದು ಹೆರಾತ್ ಪ್ರಾಂತ್ಯದ ಸಲ್ಮಾ ಡ್ಯಾಂ. ಅದರ ಖರ್ಚು 1,700 ಕೋಟಿ ರೂಪಾಯಿ ದಾಟಿತು. ಭದ್ರಾ ಮೇಲ್ದಂಡೆಯ ಅಂದಾಜು 21,000 ಕೋಟಿಗೂ ಜಾಸ್ತಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಗಾಗಿ ನಮ್ಮ ರೈತರು ಬೀದಿಗಿಳಿದದ್ದು ನಿಜ. ಆದರೆ ಆ ತಕರಾರಿಗೂ ಸಲ್ಮಾಕ್ಕೂ ಸಂಬಂಧ ಇಲ್ಲ.

ಇನ್ನು ಬಾಂಬಿನ ಮಾತು. ಸಲ್ಮಾ ಡ್ಯಾಂ ಇವತ್ತಿಗೂ ನಿಂತಿದೆ.

ಅದರ ಕಥೆ ಕೇಳಿ. ಹರಿರುದ್ ನದಿಗೆ ಈ ಡ್ಯಾಂ ಕಟ್ಟುವ ಕೆಲಸ ಶುರುವಾಗಿದ್ದು 1976ರಲ್ಲಿ. ಯುದ್ಧ ಬಂತು, ಕೆಲಸ ನಿಂತಿತು. ಶಾಂತಿ ಬರಲಿ ಅಂತ ಕಾದಿದ್ದರಲ್ಲೇ ಒಂದು ತಲೆಮಾರು ಕಳೆಯಿತು. ಆಮೇಲೆ ಭಾರತ ಕೈಹಾಕಿ 2016ರ ಜೂನ್‌ನಲ್ಲಿ ಮುಗಿಸಿತು. ಹಿಡಿಯುವ ನೀರು ಸುಮಾರು 22 ಟಿಎಂಸಿ. ನಮ್ಮ ಮಾರಿಕಣಿವೆಯ 30 ಟಿಎಂಸಿಗಿಂತ ಸ್ವಲ್ಪ ಕಮ್ಮಿ. 42 ಮೆಗಾವಾಟ್ ಕರೆಂಟು, 75,000 ಹೆಕ್ಟೇರಿಗೆ ನೀರು ಕೊಡುವ ಯೋಜನೆ ಅದು.

ಕಟ್ಟಿದ್ದು ಸುಲಭವಾಗಿ ಅಲ್ಲ. ಯಂತ್ರಗಳು ಇಲ್ಲಿಂದ ಹಡಗಿನಲ್ಲಿ ಇರಾನಿನ ಬಂದರ್ ಅಬ್ಬಾಸಿಗೆ ಹೋಗಬೇಕಿತ್ತು. ಅಲ್ಲಿಂದ 1,200 ಕಿ.ಮೀ. ರಸ್ತೆಯಲ್ಲಿ ಗಡಿಗೆ, ಗಡಿ ದಾಟಿ ಮತ್ತೆ 300 ಕಿ.ಮೀ. ನಮ್ಮ ಎಂಜಿನಿಯರುಗಳು ರಸ್ತೆಯಲ್ಲಿ ಓಡಾಡುವ ಹಾಗೇ ಇರಲಿಲ್ಲ. ತಿಂಗಳಿಗೊಂದು ಸಲ ಹೋಗುವ ಹೆಲಿಕಾಪ್ಟರೇ ಗತಿ. 2017ರ ಜೂನ್‌ನಲ್ಲಿ ಡ್ಯಾಂ ಹತ್ತಿರದ ಚೆಕ್‌ಪೋಸ್ಟ್ ಮೇಲೆ ತಾಲಿಬಾನ್ ದಾಳಿ ಮಾಡಿತು, ಕಾವಲಿದ್ದ ಹತ್ತು ಪೊಲೀಸರು ಸತ್ತರು. 2021ರ ಆಗಸ್ಟ್‌ನಲ್ಲಿ ಡ್ಯಾಂ ಅದೇ ತಾಲಿಬಾನ್ ಕೈಗೆ ಹೋಯಿತು. ಅವರು ಒಡೆಯಲಿಲ್ಲ. ಯಾಕೆ ಅಂದರೆ, ನನಗೆ ಅನ್ನಿಸುವುದು ಇಷ್ಟೇ: ಅಧಿಕಾರಕ್ಕೆ ಯಾರೇ ಬರಲಿ, ಹೆರಾತ್ ಜನಕ್ಕೆ ಕರೆಂಟು, ನೀರು ಬೇಕೇ ಬೇಕು. ಎರಡೂ ಕಡೆಯವರಿಗೆ ಬೇಕಾದ ವಸ್ತುವಿಗೆ ಉಳಿಯುವ ಅವಕಾಶ ಜಾಸ್ತಿ.

ಹಾಗಂತ ಎಲ್ಲ ಕಡೆ ಹೀಗೇ ಆಗಲಿಲ್ಲ. ಅದೇ ದೇಶದ ಹೆಲ್ಮಂದ್‌ನಲ್ಲಿ ಕಜಾಕಿ ಅಂತ ಇನ್ನೊಂದು ಡ್ಯಾಂ ಇದೆ. 2008ರಲ್ಲಿ ಅಲ್ಲಿಗೊಂದು ಟರ್ಬೈನ್ (ನೀರಿನಿಂದ ಕರೆಂಟು ತೆಗೆಯುವ ಯಂತ್ರ) ಸಾಗಿಸಲು ಬ್ರಿಟಿಷ್ ಸೈನ್ಯವೇ ಹೊರಟಿತು. ಸುಮಾರು 200 ಟನ್ ಭಾರ, ನೂರರಷ್ಟು ವಾಹನ, ಸಾವಿರಾರು ಸೈನಿಕರು. ಸಾಹಸ ಅಂತ ದೊಡ್ಡ ಸುದ್ದಿ ಆಯಿತು. ಟರ್ಬೈನ್ ತಲುಪಿತು. ಆದರೆ ಅದನ್ನು ಕೂರಿಸಲು ಸಿಮೆಂಟು ಬೇಕಲ್ಲ? ಸಿಮೆಂಟಿನ ಲಾರಿಗಳಿಗೆ ಆ ದಾರಿ ಸುರಕ್ಷಿತ ಆಗಲೇ ಇಲ್ಲ. ಯಂತ್ರ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ನಿಮ್ಮ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಸೈನ್ಯದ ಬಲದಲ್ಲಿ ಒಂದು ಸಲ ಸಾಮಾನು ಮುಟ್ಟಿಸಬಹುದು. ದಿನಾ ಕೆಲಸ ನಡೆಯಬೇಕಾದರೆ ಆ ದಾರಿಯ ಊರುಗಳು ಒಪ್ಪಬೇಕು.

ಈ ಒಪ್ಪಿಗೆ ಗಳಿಸಲು ನಡೆದ ದೊಡ್ಡ ಪ್ರಯೋಗ, 2003ರಲ್ಲಿ ಅಫ್ಗಾನಿಸ್ತಾನದಲ್ಲೇ ಶುರುವಾದ ರಾಷ್ಟ್ರೀಯ ಒಗ್ಗಟ್ಟು ಕಾರ್ಯಕ್ರಮ. ವಿಶ್ವಬ್ಯಾಂಕ್ ಮತ್ತು ಬೇರೆ ದೇಶಗಳ ಹಣ. ಹಳ್ಳಿಯವರು ಓಟು ಹಾಕಿ ಒಂದು ಸಮಿತಿ ಆರಿಸಬೇಕಿತ್ತು, ಅದರಲ್ಲಿ ಹೆಂಗಸರೂ ಇರಬೇಕಿತ್ತು. ಮನೆಗೆ 200 ಡಾಲರ್ ಲೆಕ್ಕದಲ್ಲಿ, ಹಳ್ಳಿಗೆ ಹೆಚ್ಚೆಂದರೆ 60,000 ಡಾಲರ್. ಬೋರ್‌ವೆಲ್ಲೋ, ರಸ್ತೆಯೋ, ಕರೆಂಟೋ, ಊರವರೇ ತೀರ್ಮಾನ ಮಾಡಬೇಕಿತ್ತು. ನಮ್ಮ ಗ್ರಾಮಸಭೆ ನೋಡಿದವರಿಗೆ ಈ ಜಗಳ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಫಲ ಏನು ಬಂತು? 500 ಹಳ್ಳಿಗಳನ್ನು ಆರಿಸಿ, ಅರ್ಧಕ್ಕೆ ಮೊದಲು ಹಣ ಕೊಟ್ಟು, ಉಳಿದರ್ಧದ ಜೊತೆ ಹೋಲಿಸಿ ನೋಡಿದರು. ಕುಡಿಯುವ ನೀರು, ಕರೆಂಟು ಸುಧಾರಿಸಿತ್ತು. ರಸ್ತೆ ಮತ್ತು ನೀರಾವರಿ ಕೆಲಸಗಳಿಂದ ಮಾತ್ರ ಅಷ್ಟೇನೂ ಲಾಭ ಕಾಣಲಿಲ್ಲ. ಅಂದರೆ ಊರವರ ಕೈಗೆ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗಲ್ಲ.

ಇನ್ನೊಂದು ತೊಡಕು ನೀರಾವರಿ ಜಿಲ್ಲೆಯವರಿಗೆ ಬೇಗ ಅರ್ಥ ಆಗುತ್ತೆ. ಹರಿರುದ್ ಸಲ್ಮಾದಲ್ಲಿ ನಿಲ್ಲಲ್ಲ, ಇರಾನ್ ಕಡೆಗೆ ಹರಿಯುತ್ತೆ. ಇರಾನಿನ ಮಶಾದ್ ನಗರ ಕುಡಿಯುವುದು ಕೆಳಗಿನ ಇನ್ನೊಂದು ಡ್ಯಾಮಿನ ನೀರು. ಮೇಲೆ ತಡೆದದ್ದಕ್ಕೆ ಅವರು ತಕರಾರು ತೆಗೆದಿದ್ದಾರೆ. ಭದ್ರಾ ನಾಲೆಯ ಕೊನೆ ಭಾಗದ ರೈತರು ಮೇಲಿನವರ ಬಗ್ಗೆ ಹೇಳೋ ಮಾತೇ ಇದು. ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸವೂ ಹೊಸ ಜಗಳ ಹುಟ್ಟಿಸಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ, ಸಹಾಯ ಕೊಡುವ ದೇಶಗಳಿಗೆ ಬೇಡವಾದವರ ಕೈಗೆ ಸರ್ಕಾರವೇ ಹೋದಾಗ ಏನು ಮಾಡೋದು? ಆಗ ಹಣ ಆ ಸರ್ಕಾರದ ಖಜಾನೆಗೆ ಹೋಗಲ್ಲ, ದಾರಿ ಬದಲಾಗುತ್ತೆ. 2021ರಲ್ಲಿ ಭಾರತ 50,000 ಟನ್ ಗೋಧಿ ಕೊಡಲು ಮುಂದಾಯಿತು. 2022ರಲ್ಲಿ ಅಫ್ಗಾನ್ ಲಾರಿಗಳು ಪಂಜಾಬಿನ ಅಟಾರಿ ಗಡಿಗೆ ಬಂದು, ಗೋಧಿ ತುಂಬಿಕೊಂಡು ಪಾಕಿಸ್ತಾನದ ಮೂಲಕವೇ ಹೋದವು. ಅಲ್ಲಿ ಗೋಧಿ ಇಳಿಸಿಕೊಂಡದ್ದು ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದವರು.