ಪದ ಪರಿಚಯ: ಧ್ಯಾನದವರ ‘ಉಪೇಕ್ಷೆ’

ಧ್ಯಾನ ಶಿಬಿರವೊಂದರಲ್ಲಿ ಹೊಸಬರಿಗೆ ಹಂಚಿದ ಹಾಳೆಯಲ್ಲಿ ಈ ಸಾಲಿತ್ತು: ‘ಧ್ಯಾನದ ನಡುವೆ ಅಳು, ಭಯ, ಸಿಟ್ಟು ಬಂದರೆ ಉಪೇಕ್ಷಿಸಿ.’ ಅದೇ ಹಾಳೆಯ ಕೊನೆಗೆ ‘ಉಪೇಕ್ಷೆಯೇ ಸಾಧನೆಯ ಶಿಖರ’ ಎಂದೂ ಇತ್ತು. ಮೊದಲನೆಯದು ಲಕ್ಷ್ಯ ಕೊಡಬೇಡಿ ಎನ್ನುವ ದಿನಬಳಕೆಯ ಉಪೇಕ್ಷೆ, ಎರಡನೆಯದು ಧ್ಯಾನಗ್ರಂಥಗಳ ಉಪೇಕ್ಷೆ. ಎರಡೂ ಒಂದೇ ಎಂದುಕೊಂಡು ಮನೆಗೆ ಹೋದವರು ಏನು ಮಾಡುತ್ತಾರೆ? ಅಳು ಬಂದಾಗ ಹಲ್ಲು ಕಚ್ಚಿ ಕೂರುತ್ತಾರೆ, ಅದನ್ನೇ ಸಾಧನೆ ಎನ್ನುತ್ತಾರೆ. ಭಾಷಣಗಳಲ್ಲಿ, ಅನುವಾದಗಳಲ್ಲಿ ಈ ಎಡವಟ್ಟನ್ನು ನೋಡಿ ನೋಡಿ ಸಾಕಾಗಿದೆ.

ಪದದ ಬೇರು ‘ಈಕ್ಷ್’, ಅಂದರೆ ನೋಡು. ಕನ್ನಡದಲ್ಲಿ ಈ ಧಾತುವಿನ ಸಂಸಾರ ದೊಡ್ಡದು. ಎಲ್ಲ ಕಡೆಯಿಂದ ನೋಡಿದರೆ ಪರೀಕ್ಷೆ, ಒಟ್ಟಾಗಿ ನೋಡಿದರೆ ಸಮೀಕ್ಷೆ, ನೋಡುತ್ತ ಕೂತವನು ಪ್ರೇಕ್ಷಕ. ಇರುವುದನ್ನು ಬಿಟ್ಟು ಆಚೆಗೆ ಕಣ್ಣು ಹಾಯಿಸಿದರೆ ಅಪೇಕ್ಷೆ. ನಿರೀಕ್ಷೆಯ ಕಥೆ ಇನ್ನೂ ಸ್ವಾರಸ್ಯದ್ದು: ಸಂಸ್ಕೃತದಲ್ಲಿ ಅದು ದಿಟ್ಟಿಸಿ ನೋಡುವುದು, ಕನ್ನಡದಲ್ಲಿ ದಾರಿ ಕಾಯುವುದು. ಬರಲಿರುವುದನ್ನು ದಿಟ್ಟಿಸುತ್ತ ಕೂತರೆ ಆಗುವುದು ಅದೇ ತಾನೇ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮಿದುಳಿನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಇನ್ನು ‘ಉಪ’. ಉಪನಿಷತ್ತು, ಉಪಾಸನೆ, ಉಪವಾಸ, ಮೂರರಲ್ಲೂ ‘ಹತ್ತಿರ’ ಎಂಬ ಅರ್ಥ ಇದೆ. ಹಾಗೆ ನೋಡಿದರೆ ಉಪೇಕ್ಷೆ ಎಂದರೆ ಪಕ್ಕದಲ್ಲಿದ್ದು ನೋಡುವುದು. ನಿರ್ಲಕ್ಷ್ಯದ ಅರ್ಥ ಎಲ್ಲಿಂದ ಬಂತು? ಪಕ್ಕದಲ್ಲಿದ್ದೂ ಕೈ ಹಾಕದೆ ನೋಡುವುದರಿಂದ. ಮನೆಗೆ ಬೆಂಕಿ ಬಿದ್ದಾಗ ಸುಮ್ಮನೆ ನೋಡುತ್ತ ನಿಂತರೆ ಅದೂ ಕೈ ಹಾಕದ ನೋಟವೇ. ಮಗು ಮೊದಲ ಹೆಜ್ಜೆ ಇಡುವಾಗ, ಬೀಳಬಹುದೆಂದು ಗೊತ್ತಿದ್ದೂ ತಾಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಣ್ಣು ಕೀಳದೆ ನೋಡುತ್ತಾಳಲ್ಲ, ಅದೂ ಕೈ ಹಾಕದ ನೋಟವೇ. ಸಂಸ್ಕೃತ ಎರಡಕ್ಕೂ ಈ ಒಂದೇ ಪದವನ್ನು ಬಳಸಿತು. ಕನ್ನಡದ ಬಳಕೆಯಲ್ಲಿ ಕೈ ಹಾಕದಿರುವುದು ಮಾತ್ರ ಉಳಿದು, ನೋಡುವುದು ಬಿದ್ದುಹೋಯಿತು. ನನ್ನ ತಕರಾರೆಲ್ಲ ಆ ಬಿದ್ದುಹೋದ ನೋಟದ ಬಗ್ಗೆಯೇ.

ಯೋಗಸೂತ್ರದ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅಲ್ಲಿ ಉಪೇಕ್ಷೆ ಇರುವುದು ಅಪುಣ್ಯದ ಕುರಿತು, ನಮ್ಮದೇ ಅಳುವಿನ ಕುರಿತಲ್ಲ. ಒಳಗೆ ಏಳುವ ಸುಖದುಃಖಗಳಿಗೆ ಈ ಪದವನ್ನು ಕೂಲಂಕಷವಾಗಿ ಬಳಸಿದವರು ಬೌದ್ಧರು. ಪಾಲಿಯಲ್ಲಿ ಅದು ‘ಉಪೇಕ್ಖಾ’. 5ನೆಯ ಶತಮಾನದ ಬೌದ್ಧ ಪಂಡಿತ ಬುದ್ಧಘೋಷನ ಗ್ರಂಥ ವಿಸುದ್ಧಿಮಗ್ಗ ಈ ಗುಣಕ್ಕೆ ದೂರದ ಶತ್ರು, ಹತ್ತಿರದ ಶತ್ರು ಎಂದು ಎರಡು ಬಗೆ ಹೇಳುತ್ತದೆ. ರಾಗದ್ವೇಷಗಳು ದೂರದ ಶತ್ರು; ಅವು ಬಂದರೆ ಗುರುತು ಸಿಗುತ್ತದೆ. ಹತ್ತಿರದ ಶತ್ರು ಎಂದರೆ ತಿಳಿವಿಲ್ಲದ ಉಪೇಕ್ಷೆ, ನೋಡಲು ಉಪೇಕ್ಷೆಯಂತೆಯೇ ಇರುವ ಜಡತನ. ಶಿಬಿರದ ಹಾಳೆ ಕಲಿಸುತ್ತಿದ್ದದ್ದು ಈ ಹತ್ತಿರದ ಶತ್ರುವನ್ನು. ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಎಚ್ಚರಿಸಿದ ತಪ್ಪನ್ನು ಇವತ್ತೂ ಅಚ್ಚುಹಾಕಿ ಹಂಚುತ್ತಿದ್ದೇವೆ ಎಂಬುದು ಬೇಸರದ ಸಂಗತಿ.

ಈಗ ಮಿದುಳು. ಅಲ್ಲಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ‘ಧ್ಯಾನ ಮಾಡಿದರೆ ಡೋಪಮೈನ್ ಹೆಚ್ಚುತ್ತದೆ’ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಅದರ ಹಿಂದೆ ಸಾಮಾನ್ಯವಾಗಿ ಇರುವುದು ಡೆನ್ಮಾರ್ಕಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಯೋಗನಿದ್ರೆಯ ಅಧ್ಯಯನ: ಅನುಭವವಿದ್ದ 8 ಜನ, ಮಿದುಳಿನ ಆಳದ ಸ್ಟ್ರಯೇಟಮ್ ಭಾಗದಲ್ಲಿ ಡೋಪಮೈನ್ ಬಿಡುಗಡೆ 65% ಹೆಚ್ಚಾಯಿತು ಎಂಬ ಅಂದಾಜು. 8 ಜನರ ಒಂದು ಅಭ್ಯಾಸದ ಅಂದಾಜನ್ನು ಎಲ್ಲ ಧ್ಯಾನಗಳಿಗೂ ಅಂಟಿಸುವುದು ಸರಿಯಲ್ಲ. ಡೋಪಮೈನನ್ನು ‘ಸುಖದ ರಾಸಾಯನಿಕ’ ಎನ್ನುವುದೂ ಅಷ್ಟೇ ಸಡಿಲ ಮಾತು. ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಕಂಡದ್ದೇ ಬೇರೆ. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಡೋಪಮೈನ್ ನರಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆ ಎಂದು ಕೋತಿ ಕಲಿತ ಮೇಲೆ ಸೂಚನೆಗೇ ಮಿಡಿದವು, ರಸಕ್ಕೆ ಅಲ್ಲ. ಸೂಚನೆ ಬಂದು ರಸ ಬರದೇ ಹೋದಾಗ, ರಸ ಬರಬೇಕಿದ್ದ ಗಳಿಗೆಯಲ್ಲಿ ಮಿಡಿತ ಮಾಮೂಲು ಮಟ್ಟಕ್ಕಿಂತಲೂ ಕೆಳಗಿಳಿಯಿತು. ಈ ಕೋಶಗಳು ಲೆಕ್ಕ ಇಡುವುದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ನಡುವಿನ ಅಂತರವನ್ನು.

ಧ್ಯಾನದ ಏರಿಳಿತವನ್ನು ಇದರ ಪಕ್ಕ ಇಟ್ಟು ನೋಡಿ. ಇವತ್ತು ಇಪ್ಪತ್ತು ನಿಮಿಷ ಕೂತಿರಿ. ಹತ್ತನೆಯ ನಿಮಿಷದ ಹೊತ್ತಿಗೆ ಉಸಿರು ತೆಳುವಾಯಿತು, ಭುಜ ಸಡಿಲವಾಯಿತು, ಎದೆಯಲ್ಲಿ ಏನೋ ಅರಳಿದ ಹಾಗಾಯಿತು. ಯಾವ ನಿರೀಕ್ಷೆಯೂ ಇಲ್ಲದೆ ಬಂದದ್ದರಿಂದ ಅದು ಅಷ್ಟು ದೊಡ್ಡದಾಗಿ ಕಂಡಿತು. ನಾಳೆ ಅದೇ ಜಾಗ, ಅದೇ ಹೊತ್ತು, ಅದೇ ಆಸನ. ಕೂತ ತಕ್ಷಣ ಮನಸ್ಸು ನಿನ್ನೆಯದನ್ನು ಹುಡುಕುತ್ತದೆ. ಐದು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ. ಮಂಡಿ ನೋಯುತ್ತದೆ, ಗಂಟಲು ಬಿಗಿಯುತ್ತದೆ, ‘ನನ್ನಿಂದಾಗದು’ ಎಂಬ ಖಿನ್ನತೆ ಕವಿಯುತ್ತದೆ. ನಿನ್ನೆಗಿಂತ ಇವತ್ತು ಧ್ಯಾನ ಕೆಟ್ಟಿರಲೇಬೇಕೆಂದಿಲ್ಲ. ನಡುವೆ ನಿರೀಕ್ಷೆ ಬಂದು ಕೂತಿದೆ. ಕೋತಿಯ ಪ್ರಯೋಗಕ್ಕೂ ಧ್ಯಾನದ ಬೇಸರಕ್ಕೂ ಈ ನಂಟು ಹಾಕುವುದು ನನ್ನ ಓದು, ಆದರೆ ತುಂಬ ಜನರ ಎರಡನೆಯ ದಿನಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಬೌದ್ಧರ ಧ್ಯಾನಕ್ರಮದಲ್ಲೂ ರೋಮಾಂಚನ ತರುವ ‘ಪೀತಿ’ ಮೊದಲೆರಡು ಹಂತಗಳಿಗೆ ಸೇರಿದ್ದು. ಮೂರನೆಯದರಲ್ಲಿ ಅದು ಕರಗುತ್ತದೆ, ನಾಲ್ಕನೆಯದರಲ್ಲಿ ಸುಖವೂ ಹಿಂದೆ ಸರಿದು ಉಪೇಕ್ಖಾ ಉಳಿಯುತ್ತದೆ. ಅವರ ಲೆಕ್ಕದಲ್ಲಿ ಆ ಪುಳಕ ಕರಗುವುದು ಮುನ್ನಡೆ.

ಇಳಿತಕ್ಕೆ ಇನ್ನೊಂದು ಕಾರಣವೂ ಇದೆ. ಹೊರಗಿನ ಕೆಲಸ ನಿಂತಾಗ ಮಿದುಳು ಸುಮ್ಮನಾಗುವುದಿಲ್ಲ. ‘ನಾನು, ನನ್ನದು, ಅವತ್ತು ಹಾಗಾಯಿತು’ ಎಂಬ ಕಥೆ ಹೆಣೆಯುವ ಭಾಗಗಳ ಜಾಲವೊಂದು ಆಗಲೇ ಚುರುಕಾಗುತ್ತದೆ. ಡಿಫಾಲ್ಟ್ ಮೋಡ್ ಎಂಬ ಹೆಸರು ಅದಕ್ಕೆ 2001ರಲ್ಲಿ ಬಂತು. ಪಳಗಿದ ಧ್ಯಾನಿಗಳಲ್ಲಿ ಈ ಜಾಲದ ಮುಖ್ಯ ಭಾಗಗಳ ಚಟುವಟಿಕೆ ಹೊಸಬರಿಗಿಂತ ಕಡಿಮೆ ಎಂದು 2011ರ ಅಧ್ಯಯನವೊಂದು ಕಂಡಿತು. ಹೊಸಬರು ಕಣ್ಣು ಮುಚ್ಚಿದ ಕೂಡಲೇ ಹಳೆಯ ನೋವುಗಳು ಸಾಲುಗಟ್ಟಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಬಂದಾಗ ಏನು ಮಾಡಬೇಕು ಎಂಬಲ್ಲಿಗೆ ಮತ್ತೆ ನಮ್ಮ ಪದಕ್ಕೆ ಬಂದೆವು. 2008ರ ಪ್ರಯೋಗವೊಂದರಲ್ಲಿ ಜನರಿಗೆ ಅಸಹ್ಯ ಹುಟ್ಟಿಸುವ ದೃಶ್ಯಗಳನ್ನು ತೋರಿಸಿ, ಭಾವ ಮುಖದಲ್ಲಿ ಕಾಣದಂತೆ ಅದುಮಿಡಲು ಹೇಳಿದರು. ಮುಖ ಸುಮ್ಮನಾಯಿತು; ಮಿದುಳಿನಲ್ಲಿ ಅಪಾಯಕ್ಕೆ ಎಚ್ಚರಗೊಳ್ಳುವ ಅಮಿಗ್ಡಲಾ, ಮೈಯೊಳಗಿನ ಸ್ಥಿತಿಯನ್ನು ಗಮನಿಸುವ ಇನ್ಸುಲಾ ಎರಡೂ ಹೆಚ್ಚು ಕೆರಳಿದವು. ಹಲ್ಲು ಕಚ್ಚಿ ಕೂತವರ ಉಪೇಕ್ಷೆ ಇದು. 2007ರ ಇನ್ನೊಂದು ಪ್ರಯೋಗದಲ್ಲಿ, ಚಿತ್ರದ ಮುಖದಲ್ಲಿ ಕಂಡ ಭಾವಕ್ಕೆ ‘ಸಿಟ್ಟು’, ‘ಭಯ’ ಎಂದು ಹೆಸರು ಹೇಳಿದಾಗ ಅಮಿಗ್ಡಲಾದ ಪ್ರತಿಕ್ರಿಯೆ ತಗ್ಗಿತು. ಹೆಸರು ಹೇಳಬೇಕಾದರೆ ನೋಡಲೇಬೇಕು. ಗಂಟಲಲ್ಲಿ ಗಂಟು, ಕಣ್ಣಂಚಲ್ಲಿ ಬಿಸಿ, ‘ಅಳು ಬರುತ್ತಿದೆ’ ಎಂದು ಒಳಗೇ ಹೇಳಿಕೊಂಡು, ಒರೆಸಲೂ ಹೋಗದೆ, ತಡೆಯಲೂ ಹೋಗದೆ ಇರುವುದು ಪಕ್ಕದಲ್ಲಿದ್ದು ನೋಡುವ ಉಪೇಕ್ಷೆ.

ಕೊನೆಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಧ್ಯಾನಿಗಳಿಗೆ ಎದುರಾಗುವ ಕಷ್ಟದ ಅನುಭವಗಳನ್ನು ಜೇರೆಡ್ ಲಿಂಡಾಲ್, ವಿಲ್ಲೋಬಿ ಬ್ರಿಟನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ 59 ಬಗೆಯಾಗಿ ವಿಂಗಡಿಸಿತು. ಭಯ, ನಿದ್ರೆಗೇಡು, ತಾನೇ ಇಲ್ಲವಾದಂಥ ಅನುಭವ ಎಲ್ಲವೂ ಅದರಲ್ಲಿವೆ. ದಿನಗಟ್ಟಲೆ ನಿದ್ರೆ ಬಾರದೆ ನಡುಗುತ್ತಿರುವವರಿಗೆ ‘ಉಪೇಕ್ಷಿಸಿ, ಹೋಗುತ್ತದೆ’ ಎಂದು ಹೇಳಿಕೊಡುವವರೇ ಹೇಳಿದರೆ, ಅದು ದಿನಬಳಕೆಯ ಅರ್ಥದ ಉಪೇಕ್ಷೆ, ಅದೂ ಆ ವ್ಯಕ್ತಿಯನ್ನೇ ಉಪೇಕ್ಷಿಸಿದಂತೆ. ಅಂಥವರಿಗೆ ಅಭ್ಯಾಸ ನಿಲ್ಲಿಸಲು ಹೇಳಬೇಕು, ವೈದ್ಯರಲ್ಲಿಗೆ ಕಳಿಸಬೇಕು.

ಹಾಳೆಯ ಆ ಸಾಲನ್ನು ತಿದ್ದಲು ಕೇಳಿದರೆ ನಾನು ಬರೆಯುವುದು ಹೀಗೆ: ‘ಅಳು, ಭಯ, ಸಿಟ್ಟು ಬಂದರೆ ಅದರ ಹೆಸರು ಹೇಳಿಕೊಂಡು ಪಕ್ಕದಲ್ಲಿದ್ದು ನೋಡಿ. ನೋಡಲಾಗದಷ್ಟು ಹೆಚ್ಚಾದರೆ ಕಣ್ಣು ತೆರೆಯಿರಿ, ಎದ್ದು ಓಡಾಡಿ, ನಮಗೆ ತಿಳಿಸಿ.’