ಒಂದು 3ಜಿ ಟವರ್ ಎಷ್ಟು ಮಂದಿಗೆ ಸಾಕು?

ಪ್ರಶ್ನೆ: ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋದಾಗ ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಫೋನ್ ಹತ್ತುವುದಿಲ್ಲ. ಒಂದು 3ಜಿ ಟವರ್ ಎಷ್ಟು ಮಂದಿಯನ್ನು ತಡೆದುಕೊಳ್ಳುತ್ತದೆ? ಅದನ್ನು ಲೆಕ್ಕ ಹಾಕುವುದು ಹೇಗೆ? (ಯಾದಗಿರಿಯ ಓದುಗರು)

ಉತ್ತರ: ಮೊದಲು ಕಡ್ಡಿಯ ವಿಷಯ. ಅದು ತೋರಿಸುವುದು ಟವರ್ ಸದಾ ಬಿಡುತ್ತಿರುವ ಪೈಲಟ್ ಸಿಗ್ನಲ್ಲಿನ ಬಲವನ್ನು. 20 ವಾಟ್‌ನ ಸೆಕ್ಟರಿನಲ್ಲಿ (ಟವರಿನ ಒಂದು ದಿಕ್ಕಿಗೆ ಮುಖ ಮಾಡಿದ ಭಾಗ) ಸಾಮಾನ್ಯವಾಗಿ 2 ವಾಟ್ ಪೈಲಟ್‌ಗೆಂದೇ ತೆಗೆದಿಟ್ಟಿರುತ್ತಾರೆ. ಹತ್ತು ಮಂದಿ ಸೇರಲಿ, ಹತ್ತು ಸಾವಿರ ಮಂದಿ ಸೇರಲಿ, ಆ 2 ವಾಟ್ ಹಾಗೇ ಇರುತ್ತದೆ. ಸೆಕ್ಟರಿನಲ್ಲಿ ಇನ್ನೂ ಜಾಗ ಉಂಟೋ ಇಲ್ಲವೋ ಎಂಬುದು ಕಡ್ಡಿಗೆ ಗೊತ್ತಾಗುವುದಿಲ್ಲ.

2ಜಿಯಲ್ಲಿ ಬಸ್ಸಿನ ಸೀಟಿನಂತೆ ಎಣಿಸಿಟ್ಟ ಚಾನೆಲ್‌ಗಳಿರುತ್ತವೆ. 3ಜಿಯಲ್ಲಿ ಎಲ್ಲರೂ ಒಂದೇ 5 ಮೆಗಾಹರ್ಟ್ಸ್‌ನಲ್ಲಿ ಒಟ್ಟಿಗೆ ಮಾತಾಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಕೋಡ್. ಒಬ್ಬರ ಮಾತು ಉಳಿದವರಿಗೆಲ್ಲ ಗದ್ದಲ. ಹಾಗಾಗಿ ಟವರ್ ಎಷ್ಟು ಗದ್ದಲ ಸಹಿಸಬಲ್ಲದು ಎಂಬುದೇ ಅದರ ಸಾಮರ್ಥ್ಯ.

ಲೆಕ್ಕ ಇಲ್ಲಿಂದ ಶುರು. 3ಜಿಯ ಚಿಪ್ ವೇಗ, ಅಂದರೆ ಕೋಡಿನ ತುಣುಕುಗಳು ಹೋಗುವ ವೇಗ, ಸೆಕೆಂಡಿಗೆ 38,40,000. ಮಾತಿನ ವೇಗ 12,200 ಬಿಟ್. ಭಾಗಿಸಿದರೆ ಸುಮಾರು 315. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಒಂದೊಂದು ಬಿಟ್‌ನ ಶಕ್ತಿ ಗದ್ದಲಕ್ಕಿಂತ 5 ಡಿಬಿ (ಡೆಸಿಬೆಲ್), ಅಂದರೆ 3.16 ಪಟ್ಟು ಹೆಚ್ಚಿರಬೇಕು ಎಂದು ಇಟ್ಟುಕೊಳ್ಳೋಣ. ಮಾತಾಡುವವರು ನಡುನಡುವೆ ಸುಮ್ಮನಾಗುತ್ತಾರಲ್ಲ, ಅದಕ್ಕೆ 0.67 ಹಿಡಿಯುತ್ತಾರೆ. 315 ಅನ್ನು ಈ ಎರಡರ ಗುಣಲಬ್ಧದಿಂದ ಭಾಗಿಸಿದರೆ 149. ಅದಕ್ಕೆ 1 ಕೂಡಿಸಿದರೆ 150, ಅಂದರೆ ಒಂದು ಕಾಲ್ ಸೆಕ್ಟರಿನ 150ರಲ್ಲಿ ಒಂದು ಪಾಲು ತಿನ್ನುತ್ತದೆ. ಅಕ್ಕಪಕ್ಕದ ಸೆಲ್‌ಗಳಿಂದ (ಒಂದೊಂದು ಸೆಕ್ಟರ್ ಮುಟ್ಟುವ ಪ್ರದೇಶ) ಬರುವ ಗದ್ದಲಕ್ಕೆ ಶೇ 65 ಸೇರಿಸಿದರೆ ಒಂದು ಕಾಲ್‌ಗೆ ಶೇ 1.1. ಲೋಡ್ ಶೇ 60 ದಾಟಬಾರದು ಎಂದು ಗೆರೆ ಎಳೆದರೆ ಒಂದು ಸೆಕ್ಟರಿನಲ್ಲಿ ಏಕಕಾಲಕ್ಕೆ 54 ಕಾಲ್.

ಶೇ 60ಕ್ಕೇ ಯಾಕೆ ನಿಲ್ಲಿಸಬೇಕು? ಗದ್ದಲ ನೇರ ಗೆರೆಯಲ್ಲಿ ಏರುವುದಿಲ್ಲ. ಲೋಡ್ ಶೇ 50 ಇದ್ದಾಗ 3 ಡಿಬಿ ಏರಿಕೆ, 60ಕ್ಕೆ 4, 75ಕ್ಕೆ 6, 90ಕ್ಕೆ 10 ಡಿಬಿ. ಶೇ 60ರಲ್ಲಿ 2 ಕಿಲೋಮೀಟರ್ ಮುಟ್ಟುತ್ತಿದ್ದ ಸೆಲ್ ಶೇ 90ಕ್ಕೆ ಹೋದಾಗ ಸುಮಾರು 1.35 ಕಿಲೋಮೀಟರಿಗೆ ಕುಗ್ಗುತ್ತದೆ. ಜಾತ್ರೆ ಗುಡ್ಡದ ಬುಡದಲ್ಲಿ, ಫೋನ್ ಕಳೆದುಕೊಳ್ಳುವವರು ಅಂಚಿನ ಹಳ್ಳಿಯವರು. ಅವರಿಗೆ ಕಾರಣವೂ ತಿಳಿಯುವುದಿಲ್ಲ, ಇದು ನಿಜಕ್ಕೂ ಅನ್ಯಾಯ.

ಈಗ 54 ಕಾಲ್ ಎಂದರೆ ಎಷ್ಟು ಮಂದಿ? ಎಲ್ಲರೂ ಒಮ್ಮೆಗೇ ಮಾತಾಡುವುದಿಲ್ಲ. ನೂರರಲ್ಲಿ ಎರಡು ಕಾಲ್ ವಿಫಲವಾದರೆ ನಡೆಯುತ್ತದೆ ಎಂದುಕೊಂಡು, ಇಷ್ಟು ಚಾನೆಲ್ ಎಷ್ಟು ಮಾತು ಹೊರುತ್ತದೆ ಎಂದು ಹೇಳುವ ಎರ್ಲಾಂಗ್-ಬಿ ಕೋಷ್ಟಕ ನೋಡಿದರೆ 54 ಚಾನೆಲ್‌ಗೆ 44 ಎರ್ಲಾಂಗ್ ಸಿಗುತ್ತದೆ. ಒಂದು ಚಾನೆಲ್ ಪೂರ್ತಿ ಒಂದು ಗಂಟೆ ತುಂಬಿದ್ದರೆ ಅದು 1 ಎರ್ಲಾಂಗ್. ದಟ್ಟಣೆಯ ಗಂಟೆಯಲ್ಲಿ ಒಬ್ಬರು 90 ಸೆಕೆಂಡ್ ಮಾತಾಡಿದರೆ 0.025 ಎರ್ಲಾಂಗ್, 44 ಅನ್ನು ಅದರಿಂದ ಭಾಗಿಸಿ, 1,760 ಮಂದಿ. ಜಾತ್ರೆಯಲ್ಲಿ ‘ಎಲ್ಲಿದ್ದಿ, ಯಾವ ಅಂಗಡಿ ಮುಂದೆ’ ಎಂದು ಕೇಳುತ್ತಲೇ ಗಂಟೆಗೆ 6 ನಿಮಿಷವಾದರೆ ಅದೇ ಸೆಕ್ಟರಿಗೆ 440 ಮಂದಿ ಮಾತ್ರ. ಎರ್ಲಾಂಗ್-ಬಿ ಲೆಕ್ಕವು ಕಾಲ್ ಹತ್ತದವರು ಬಿಟ್ಟುಬಿಡುತ್ತಾರೆ ಎಂದು ನಂಬಿದೆ. ನಮ್ಮ ಮಂದಿ ಬಿಡದೆ ಮತ್ತೆ ಮತ್ತೆ ಒತ್ತುತ್ತಾರೆ. ಹಾಗಾಗಿ ಆ ಎರಡು ಕಾಲ್ ಇಪ್ಪತ್ತಾಗಲು ಹೊತ್ತು ಹಿಡಿಯುವುದಿಲ್ಲ.

ಬಹಳ ಮಂದಿ ಇಲ್ಲಿ 1,760 ಅನ್ನು 3 ಸೆಕ್ಟರಿನಿಂದ ಗುಣಿಸಿ 5,280 ಎಂದು ಬರೆದುಬಿಡುತ್ತಾರೆ. ಒಂದು ಸೆಕ್ಟರ್ ಜಾತ್ರೆಯ ಕಡೆಗೆ, ಉಳಿದೆರಡು ತೊಗರಿ ಹೊಲದ ಕಡೆಗೆ ಮುಖ ಮಾಡಿದ್ದರೆ ಆ ಗುಣಾಕಾರಕ್ಕೆ ಅರ್ಥವಿಲ್ಲ.

ಟವರಿನಿಂದ ಫೋನಿನ ಕಡೆಗೆ ಬರುವ ದಾರಿಯಲ್ಲಿ ಇನ್ನೊಂದು ಮಿತಿ ಇದೆ. ಅಲ್ಲಿ 20 ವಾಟ್ ಎಲ್ಲರಿಗೂ ಹಂಚಬೇಕಾದ ಒಂದೇ ಗಂಟು. ದಪ್ಪ ಕಲ್ಲುಗೋಡೆಯ ಒಳಮನೆಯಲ್ಲಿ ಕುಳಿತವರಿಗೆ ಗೋಡೆ 10 ಡಿಬಿ ತಿಂದರೆ, ಅಂಗಳದಲ್ಲಿ ನಿಂತಿದ್ದರೆ ಸಾಕಾಗುತ್ತಿದ್ದುದರ ಹತ್ತು ಪಟ್ಟು ಪವರ್ ಅವರಿಗೊಬ್ಬರಿಗೇ ಹೋಗುತ್ತದೆ. ಎರಡು ಸೆಲ್‌ಗಳ ನಡುವೆ ಇರುವವರ ಕಾಲ್ ಎರಡೂ ಕಡೆ ಪವರನ್ನೂ ಕೋಡನ್ನೂ ಹಿಡಿದಿರುತ್ತದೆ.

ಡೇಟಾದ್ದು ಬೇರೆ ಲೆಕ್ಕ, ಹಳ್ಳಿ ಕಡೆ ಅದು ಸೋಲುವುದು ಬಹುಪಾಲು ಗಾಳಿಯಲ್ಲಲ್ಲ, ಟವರಿನ ಹಿಂದಿನ ಸಂಪರ್ಕದಲ್ಲಿ. ಡೇಟಾಕ್ಕೆ 10 ಕೋಡ್ ಕೊಟ್ಟ ಸೆಕ್ಟರ್ 7.2 ಎಂಬಿಪಿಎಸ್ ವರೆಗೆ ಹೋಗಬಲ್ಲದು. ಆದರೆ ಟವರಿಗೆ ಬಂದಿರುವುದು ಎರಡು ಇ1 ಲೈನ್ (ತಲಾ ಸುಮಾರು 2 ಎಂಬಿಪಿಎಸ್‌ನ ಸಂಪರ್ಕ) ಆಗಿದ್ದರೆ ಮೂರೂ ಸೆಕ್ಟರಿಗೆ ಸೇರಿ ಸಿಗುವುದೇ ಸುಮಾರು 4 ಎಂಬಿಪಿಎಸ್. ಗದ್ದಲ, ಪವರ್, ಲೈನ್ ಮೂರನ್ನೂ ಬೇರೆಬೇರೆ ಲೆಕ್ಕ ಹಾಕಿ. ಯಾವುದು ಚಿಕ್ಕದೋ ಅದೇ ನಿಮ್ಮ ಟವರಿನ ಉತ್ತರ.

ಪರೀಕ್ಷಿಸಬೇಕೆಂದರೆ ಫೋನಿನ ನೆಟ್‌ವರ್ಕ್ ಪರೀಕ್ಷೆಯ ಪರದೆಯಲ್ಲಿ ಇಸಿ-ಐಒ ಅಂಕಿ ನೋಡಿ, ಫೋನಿಗೆ ಬರುವ ಒಟ್ಟು ಸಿಗ್ನಲ್ಲಿಗೆ ಹೋಲಿಸಿದರೆ ಪೈಲಟ್ ಎಷ್ಟಿದೆ ಎಂದು ಅದು ಡಿಬಿಯಲ್ಲಿ ಹೇಳುತ್ತದೆ. ಮೈನಸ್ 6ರಿಂದ ಮೈನಸ್ 8 ಇದ್ದರೆ ಚೆನ್ನ. ಕಡ್ಡಿ ತುಂಬಿದ್ದೂ ಮೈನಸ್ 14ಕ್ಕಿಂತ ಕೆಳಗಿದ್ದರೆ ಅಲ್ಲಿ ಕೊರತೆ ಸಿಗ್ನಲ್ಲಿನದಲ್ಲ, ಗದ್ದಲ ಹೆಚ್ಚಾಗಿದೆ. ಆಗ ಫೋನನ್ನು 2ಜಿಗೆ ಹಾಕಿ ನೋಡಿ, ಇಲ್ಲವೇ ಎಸ್ಎಂಎಸ್ ಕಳಿಸಿ. ಕಂಪನಿಗೆ ಎರಡನೇ ಕ್ಯಾರಿಯರ್ (ಇನ್ನೊಂದು 5 ಮೆಗಾಹರ್ಟ್ಸ್ ಪಟ್ಟಿ) ಕೇಳುವುದು ಸುಲಭ, ಆದರೆ 2010ರ 3ಜಿ ಹರಾಜಿನಲ್ಲಿ ಖಾಸಗಿ ಕಂಪನಿಗಳಿಗೆ ಒಂದು ವಲಯದಲ್ಲಿ ಸಿಕ್ಕಿದ್ದು ತಲಾ ಒಂದು ಜೋಡಿ 5 ಮೆಗಾಹರ್ಟ್ಸ್ ಮಾತ್ರ, ಆಮೇಲೆ ಅವು 3ಜಿಯನ್ನೇ ಬಹುಮಟ್ಟಿಗೆ ನಿಲ್ಲಿಸಿದವು. ಅದಕ್ಕೇ ಜಾತ್ರೆಯ ಮಟ್ಟಿಗೆ ಗಾಡಿಯ ಮೇಲಿನ ತಾತ್ಕಾಲಿಕ ಟವರನ್ನೂ ಅದಕ್ಕೆ ಬೇಕಾದಷ್ಟು ಲೈನನ್ನೂ ಒಟ್ಟಿಗೇ ಕೇಳಿ. ಲೈನ್ ಇಲ್ಲದೆ ಗಾಡಿ ಬಂದು ನಿಂತರೆ ಕಡ್ಡಿ ಮಾತ್ರ ಹೆಚ್ಚುತ್ತದೆ.