ಅಡಾಪ್ಟೋಜೆನ್: ಡಬ್ಬಿಯ ಮೇಲಿನ ಪದ, ಡಬ್ಬಿಯೊಳಗಿನ ಬೇರು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮೇಜಿನ ಮೇಲೆ ಈಗೀಗ ಅಶ್ವಗಂಧದ ಡಬ್ಬಿಯೂ ಜಾಗ ಹಿಡಿದಿದೆ. ಅದರ ಮೇಲೆ ‘ಅಡಾಪ್ಟೋಜೆನ್’ ಎಂದಿರುತ್ತದೆ, ಅಂದರೆ ಒತ್ತಡವನ್ನು ತಾಳಿಕೊಳ್ಳಲು ದೇಹಕ್ಕೆ ನೆರವಾಗುವ ವಸ್ತು ಎಂದು. ಆಯುರ್ವೇದದ ಯಾವುದೋ ಪದದ ಇಂಗ್ಲಿಷ್ ರೂಪ ಇರಬೇಕು ಎಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಪದ ಹುಟ್ಟಿದ್ದು 1947ರಲ್ಲಿ, ಸೋವಿಯತ್ ಒಕ್ಕೂಟದಲ್ಲಿ. ಹುಟ್ಟಿಸಿದವರು ನಿಕೊಲಾಯ್ ಲಜಾರೆವ್ ಎಂಬ ವಿಷವಿಜ್ಞಾನಿ. ಸ್ವಾರಸ್ಯವೆಂದರೆ, ಆಗ ಅವರ ಮುಂದಿದ್ದದ್ದು ಗಿಡಮೂಲಿಕೆಯೇ ಅಲ್ಲ, ಡೈಬಜಾಲ್ ಎಂಬ ರಾಸಾಯನಿಕ ಔಷಧ.

ಮೂಲಿಕೆಗಳು ಬಂದದ್ದು ಅವರ ಶಿಷ್ಯ ಇಸ್ರೇಲ್ ಬ್ರೆಖ್ಮನ್ ಕಾಲಕ್ಕೆ. ದೂರದ ವ್ಲಾಡಿವೊಸ್ಟೋಕ್‌ನಲ್ಲಿದ್ದ ಅವರು ದುಬಾರಿ ಜಿನ್ಸೆಂಗ್ ಬೇರಿಗೆ ಬದಲಿಯಾಗಿ ಅಲ್ಲಿನ ಕಾಡಿನ ಎಲೂಥೆರೊಕಾಕಸ್ ಗಿಡವನ್ನು ಪರೀಕ್ಷಿಸಿದರು. ಅವರೂ ದಾರ್ದಿಮೊವ್ ಎಂಬ ಸಹೋದ್ಯೋಗಿಯೂ 1960ರ ದಶಕದ ಕೊನೆಗೆ ಅಡಾಪ್ಟೋಜೆನ್‌ಗೆ ಮೂರು ಷರತ್ತು ಹಾಕಿದರು. ದೇಹಕ್ಕೆ ಅಪಾಯ ಮಾಡಬಾರದು. ಚಳಿ, ದಣಿವು, ವಿಷ, ಹೀಗೆ ಪೆಟ್ಟು ಯಾವ ಕಡೆಯಿಂದ ಬಂದರೂ ತಾಳಿಕೆಯನ್ನು ಹೆಚ್ಚಿಸಬೇಕು. ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿ ದೇಹವನ್ನು ಸಮಸ್ಥಿತಿಗೆ ತರಬೇಕು.

ಈ ಷರತ್ತುಗಳ ಹಿಂದೆ ಒತ್ತಡದ ಬಗೆಗಿನ ಒಂದು ತಿಳಿವಳಿಕೆ ಇದೆ. ಒತ್ತಡಕ್ಕೆ ಸಿಕ್ಕಿದ ದೇಹ ಮೊದಲು ಬೆಚ್ಚಿಬೀಳುತ್ತದೆ, ಆಮೇಲೆ ತಾಳಿಕೊಳ್ಳುತ್ತದೆ, ಒತ್ತಡ ಬಿಡದೇ ಹೋದರೆ ಕೊನೆಗೆ ಸೋಲುತ್ತದೆ ಎಂದು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ತೋರಿಸಿಕೊಟ್ಟಿದ್ದರು. ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅಡ್ರಿನಲ್ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಸುರಿಸುತ್ತದೆ. ಕಾರ್ಟಿಸೋಲ್ ಬೆಳಗ್ಗೆ ಹೆಚ್ಚಿದ್ದು ರಾತ್ರಿ ಹೊತ್ತಿಗೆ ತಗ್ಗಬೇಕು; ಸದಾ ಆತಂಕದಲ್ಲಿರುವವರಲ್ಲಿ ಈ ಲಯ ತಪ್ಪುವುದುಂಟು. ಅಡಾಪ್ಟೋಜೆನ್ ಈ ಸಂದೇಶದ ಸರಪಳಿಯನ್ನು ಹದಕ್ಕೆ ತಂದು, ತಾಳಿಕೆಯ ಹಂತವನ್ನು ಹಿಗ್ಗಿಸುತ್ತದೆ ಎಂಬುದು ವಾದ. ಚಹಾ ಈ ಗುಂಪಿಗೆ ಸೇರುವುದಿಲ್ಲ. ಗಿರ್ಮಿಟ್ ಜೊತೆ ಕುಡಿದ ಖಡಕ್ ಚಹಾ ಸಾಲ ತಂದು ಹಬ್ಬ ಮಾಡಿದಂತೆ. ಆಗ ಚುರುಕು ಬರುತ್ತದೆ, ಬಾಕಿಯನ್ನು ರಾತ್ರಿಯ ನಿದ್ದೆ ತೀರಿಸುತ್ತದೆ.

ನನಗೆ ತಕರಾರಿರುವುದು ಮೂರನೆಯ ಷರತ್ತಿನ ಬಗ್ಗೆ. ರಕ್ತದೊತ್ತಡದ ಮಾತ್ರೆ ರಕ್ತದೊತ್ತಡವನ್ನು ಇಳಿಸುತ್ತದೆ, ಅಷ್ಟೇ. ಇಳಿದವರಿಗೆ ಕೊಟ್ಟರೆ ಇನ್ನಷ್ಟು ಇಳಿಸುತ್ತದೆ. ಒಂದೇ ಬೇರು ಎರಡೂ ಕಡೆಗೆ ಕೆಲಸ ಮಾಡುತ್ತದೆ ಎನ್ನುವವರು ಅದು ಹೇಗೆ ಎಂದೂ ತೋರಿಸಬೇಕು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಈ ಪದವನ್ನು ವೈದ್ಯಕೀಯ ಪರಿಭಾಷೆಯಾಗಿ ಒಪ್ಪದಿದ್ದದ್ದು ಇಂಥ ಅಸ್ಪಷ್ಟತೆಯ ಕಾರಣಕ್ಕೇ. ಮೈಗೆ ಕಸುವು ತುಂಬುವ ಆಯುರ್ವೇದದ ರಸಾಯನವೇ ಅಡಾಪ್ಟೋಜೆನ್ ಎಂದು ಸಲೀಸಾಗಿ ಸಮ ಹಾಕುವುದೂ ಸರಿಯಲ್ಲ. ರಸಾಯನ ಚಿಕಿತ್ಸೆಯಲ್ಲಿ ದೇಹಶುದ್ಧಿ, ಪಥ್ಯ, ನಡೆನುಡಿ ಎಲ್ಲವೂ ಸೇರಿವೆ. ಡಬ್ಬಿಯಲ್ಲಿ ಮಾತ್ರೆಯಷ್ಟೇ ಇದೆ.

ಈ ಹೆಸರಿನಡಿ ತುಳಸಿಯನ್ನೂ, ಬೇವಿನ ಮರಕ್ಕೆ ಹಬ್ಬುವ ಅಮೃತಬಳ್ಳಿಯನ್ನೂ ಸೇರಿಸುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಅಶ್ವಗಂಧ, ಅಂದರೆ ಹಿರೇಮದ್ದಿನ ಗಿಡದ ಬೇರು. ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು ನಿಜ. ಆದರೆ 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿ ಬೇರು ಅಗೆಯುವಂತಿಲ್ಲ. ಅಂಗಡಿಗೆ ಬರುವ ಬೇರಿನ ಬಹುಪಾಲು ಹೊಲದಲ್ಲಿ ಬೆಳೆದದ್ದು, ಅದರ ದೊಡ್ಡ ಮಾರುಕಟ್ಟೆ ಮಧ್ಯಪ್ರದೇಶದ ನೀಮಚ್. ಒಳ್ಳೆಯ ಒಣ ಬೇರನ್ನು ಮುರಿದರೆ ನಾರು ಬಿಡದೆ ಟಕ್ಕನೆ ತುಂಡಾಗುತ್ತದೆ. ಹೊರಗೆ ಮಣ್ಣುಬೂದಿಯ ಬಣ್ಣ, ಒಳಗೆ ಹಿಟ್ಟಿನಂಥ ಬಿಳುಪು. ನಾಲಿಗೆಗೆ ಕಹಿ, ಅದಕ್ಕೇ ಹಾಲು ಸಕ್ಕರೆಯ ಜೊತೆ ಕೊಡುವುದು.

ಕೆಲಸ ಮಾಡುತ್ತದೆಯೇ? ಸ್ವಲ್ಪ ಮಟ್ಟಿಗೆ. ಸುಮಾರು ಎರಡು ತಿಂಗಳು ನಡೆದ ಹಲವು ಪ್ರಯೋಗಗಳಲ್ಲಿ ಅಶ್ವಗಂಧ ತೆಗೆದುಕೊಂಡವರ ಒತ್ತಡ, ಆತಂಕ ತಗ್ಗಿವೆ, ನಿದ್ದೆ ಸುಧಾರಿಸಿದೆ, ಕಾರ್ಟಿಸೋಲೂ ಇಳಿದಿದೆ. ಆದರೆ ಪ್ರಯೋಗಗಳು ಚಿಕ್ಕವು, ಕೊಟ್ಟ ತಯಾರಿಕೆಗಳು ಬೇರೆಬೇರೆ. ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಪರೀಕ್ಷೆಯ ಪೈಪೋಟಿಯನ್ನಾಗಲಿ, ಸಾಲದ ಕಂತನ್ನಾಗಲಿ, ಮೇಲಧಿಕಾರಿಯ ಸಿಡಿಮಿಡಿಯನ್ನಾಗಲಿ ಯಾವ ಬೇರೂ ತಗ್ಗಿಸಿಲ್ಲ.

ಕೊಳ್ಳುವವರು ಅಳತೆಯಲ್ಲಿ ಎಚ್ಚರವಾಗಿರಬೇಕು. ಬೇರಿನ ಪುಡಿಗೆ ಆಯುರ್ವೇದ ಹೇಳುವುದು ದಿನಕ್ಕೆ 3ರಿಂದ 6 ಗ್ರಾಂ. ಪ್ರಯೋಗಗಳಲ್ಲಿ ಹೆಚ್ಚಾಗಿ ಕೊಟ್ಟದ್ದು ಬೇರಿನಿಂದ ತೆಗೆದ ಸಾರ, 250ರಿಂದ 600 ಮಿಲಿಗ್ರಾಂ. ಪುಡಿಯ ಲೆಕ್ಕವನ್ನು ಸಾರಕ್ಕೆ ಹಾಕಿದರೆ ಹತ್ತು ಪಟ್ಟು ನುಂಗಿದಂತಾದೀತು. ಬೇರಿನ ಬದಲು ಎಲೆ ಸೇರಿಸುವುದೂ ಉಂಟು; ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿದೆ. ಡೆನ್ಮಾರ್ಕ್ ಅಂತೂ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಹಾಗೆಂದು, ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ ಎಂಬ ಮಾತನ್ನೂ ನಂಬುವಂತಿಲ್ಲ. ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ನಿದ್ದೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ: ಮೈ ತುರಿಕೆ ಶುರುವಾದರೆ, ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಡಬ್ಬಿಯನ್ನು ಅಲ್ಲಿಗೇ ಮುಚ್ಚಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು, ಹೋಗುವಾಗ ಡಬ್ಬಿಯನ್ನೂ ವೈದ್ಯರಿಗೆ ತೋರಿಸಬೇಕು.